ತಳದಲ್ಲಿ ಉಳಿದ ಬಿಳುಪು

ಬಾಟಲಿಯ ತಳದಲ್ಲಿ ಕರಗದೆ ಉಳಿದ ಬಿಳುಪು ಒಮ್ಮೆ ಸುತ್ತಿ ಮತ್ತೆ ತಳಕ್ಕೇ ಕೂರುತ್ತದೆ, ಇದು ಓಟದ ಮೂರನೆಯ ಸುತ್ತಿನ ಬಾಟಲಿ, ಎರಡನೆಯದರಲ್ಲಿಯೂ ಹೀಗೆಯೇ ಕೂತಿತ್ತು, ಅಕ್ಕ ಅದನ್ನು ಕಂಡೂ ಕೊಟ್ಟಳು — ಕೈ ಚಾಚಿಕೊಂಡು ಓಡಿ ಬಂದ ತಂಗಿ, ಅಕ್ಕನ ಮಾತು ಮೀರಿ ಗೊತ್ತಿಲ್ಲದವಳು, ಕೊನೆಯ ಹನಿಯವರೆಗೂ ಕುಡಿದಳು. ಚೆಲ್ಲಿದ್ದರೆ ಓಟ ಮುಗಿಸುತ್ತಿದ್ದಳು. ಮೊದಲ ಸುತ್ತಿನಲ್ಲಿ ಯಾರದೋ ಮೊಣಕೈ ತಗುಲಿ ಬಾಟಲಿ ರಸ್ತೆಯ ಪಾಲಾಯಿತು, ತಪ್ಪಿಹೋದದ್ದನ್ನು ಮುಂದಿನದಕ್ಕೆ ಸೇರಿಸಿದರಾಯಿತು ಎಂದು ಅಕ್ಕ ಚೀಲದಲ್ಲಿದ್ದ ಗ್ಲೂಕೋಸ್ ಪುಡಿಯನ್ನೆಲ್ಲ ಉಳಿದೆರಡಕ್ಕೂ ಸುರಿದಳು, ಕೂಡುವುದರಲ್ಲಿ ತಪ್ಪಿರಲಿಲ್ಲ, ಹೊಟ್ಟೆಗೆ ಕೂಡಲು ಬರುವುದಿಲ್ಲ. ಇದೇನು ಅರಿಯದ್ದೇ, ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ ಇಟ್ಟು ಪಾಠ ಹೇಳಿದವಳು ತಾನೇ, ಕರುಳಿಗೆ ಎರಡು ಬಾಗಿಲು ಕಣೇ, ಗ್ಲೂಕೋಸ್ ಒಂದರಲ್ಲಿ ಹೋಗತ್ತೆ, ಹಣ್ಣಿನ ಸಕ್ಕರೆ ಇನ್ನೊಂದರಲ್ಲಿ, ಎಲ್ಲಾನೂ ಒಂದೇ ಬಾಗಿಲಿಗೆ ನುಗ್ಗಿಸಿದ್ರೆ ಹೊರಗೇ ನಿಲ್ಲತ್ತೆ, ನಿಂತಿದ್ದು ನೀರು ಎಳ್ಕೊಂಡು ಹೊಟ್ಟೆ ತೊಳಸತ್ತೆ — ತಂಗಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನಗುತ್ತಾಳೆ, ಬಾಗಿಲು ಕಾಯೋಳು ನೀನೇ ಇದೀಯಲ್ಲಾ ಅಕ್ಕಾ, ನಾನು ಬರೀ ಓಡ್ತೀನಿ. ಎಣ್ಣೆಯ ಆ ವಾಸನೆ ಈಗಲೂ ಚೀಲದಲ್ಲಿದೆ. ಚೀಲದಲ್ಲಿ ಇನ್ನೊಂದು ಬಾಟಲಿಯೂ ಇದೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಓಟ ಮುಗಿದ ಮೇಲಿನದು, ಎರಡೂ ಸಕ್ಕರೆ ಸರಿಯಾಗಿ ಬೆರೆತದ್ದು, ಗ್ಲೂಕೋಸ್ ಬರಿದಾದ ಸ್ನಾಯುಗಳಿಗೆ, ಹಣ್ಣಿನ ಸಕ್ಕರೆ ಬರಿದಾದ ಯಕೃತ್ತಿಗೆ, ಅದನ್ನೇ ಕೊಡಬಹುದಿತ್ತು, ಕೈಗೆಟಕುವಷ್ಟು ಹತ್ತಿರದಲ್ಲಿತ್ತು, ಮುಗಿದ ಮೇಲಿನದು ಮುಗಿದ ಮೇಲೆಯೇ ಎಂದು ಮುಟ್ಟಲಿಲ್ಲ. ಈಗ ಮುಗಿಯಿತು. ತಂಡಕ್ಕೆ ಆರಿಸುವುದು ಇಂದಿನ ಓಟದಿಂದಲೇ, ಮುಂದಿನ ಆಯ್ಕೆಯವರೆಗೆ ತಂಗಿಯ ನೋವಿನ ಮೊಣಕಾಲು ತಡೆಯುವುದಿಲ್ಲವೆಂದು ವೈದ್ಯರು ಹೇಳಿಯಾಗಿದೆ, ತಂಗಿಗೂ ಗೊತ್ತು, ಆದುದರಿಂದಲೇ ಬೆಳಿಗ್ಗೆ ಲೇಸನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದಳು. ಮುಂದಿದ್ದವರು ದಾಟಿದರು, ಹಿಂದಿದ್ದವರೂ ದಾಟಿದರು, ರಸ್ತೆಬದಿಯಲ್ಲಿ ಬಾಟಲಿ ಕೊಡುವ ಪಕ್ಕದ ಮೇಜಿನವರು ಹಾಸುಬಟ್ಟೆ ಮಡಿಸುತ್ತಿದ್ದಾರೆ, ಸೈಕಲ್ಲಿನಲ್ಲಿ ತರಬೇತುದಾರರು ಬರುತ್ತಾರೆ, ಮುಖ ನೋಡದೆ ಹ್ಯಾಂಡಲ್ಲಿಗೇ ಹೇಳುತ್ತಾರೆ, ತಿರುವಿನಾಚೆ ಕೂತ್ಬಿಟ್ಟಿದಾಳೆ ಕಣಮ್ಮಾ, ಕುಡಿದಿದ್ದೆಲ್ಲಾ ಆಚೆ ಬಂತು, ಪೂರ್ತಿ ಕುಡಿದೆ ಅಂತ ಅಕ್ಕನಿಗೆ ಹೇಳಿ ಅಂತಾಳೆ. ಪೂರ್ತಿ ಕುಡಿದೆ — ಹೋಗಬೇಕು, ಸುತ್ತಿದ ಒದ್ದೆ ಬಟ್ಟೆ ಬಿಚ್ಚಿ ಆ ಬಾಟಲಿ ಒಯ್ಯಬೇಕು, ನಾಳೆಯ ಹೊತ್ತಿಗೆ ಕಾಲಿನ ಸ್ನಾಯು ತುಂಬುತ್ತದೆ, ಯಕೃತ್ತೂ ತುಂಬುತ್ತದೆ, ಯಾವ ಓಟಕ್ಕೆ, ಹೋಗಬೇಕು, ಕೈ ಮಾತ್ರ ಮೂರನೆಯ ಬಾಟಲಿಯನ್ನು ಅಲುಗಿಸುತ್ತದೆ, ತಳದ ಬಿಳುಪು ಏಳುತ್ತದೆ, ಸುತ್ತುತ್ತದೆ, ಕೂರುತ್ತದೆ, ಅಲುಗಿಸುತ್ತದೆ, ಸುತ್ತುತ್ತದೆ, ತಳದಲ್ಲಿ ಬಿಳುಪು