ಹನ್ನೊಂದು ತಿಂಗಳ ಕರಾರು

ನಾನು ಸರ್ವಮಂಗಳಾ, ಪತ್ರ ಬರಹಗಾರ್ತಿ. ಮೈಸೂರಿನ ಕೋರ್ಟಿನ ಎದುರು ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಕ್ರಯಪತ್ರ, ಬಾಡಿಗೆ ಕರಾರು, ಉಯಿಲು ಟೈಪು ಮಾಡುತ್ತಾ ಬಂದವಳು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಅಪ್ಪನ ಹೆಸರನ್ನು ಮೂರು ಸಲ ಬದಲಾಯಿಸಿ ಹೇಳುವವರನ್ನೂ, ಸಹಿ ಹಾಕಲು ಬಂದು ನನ್ನನ್ನೇ ಪೆನ್ನು ಕೇಳುವವರನ್ನೂ ನಾನು ಸುಮ್ಮನೆ ಬಿಟ್ಟವಳಲ್ಲ. ಹಾಗೆ ಬಯ್ಯುವ ಹಕ್ಕು ನನಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಾಗದದಲ್ಲಿ ತಪ್ಪಿದೆ ಎಂದು ಒಬ್ಬರೂ ತಿರುಗಿ ಬಂದಿರಲಿಲ್ಲ.

೧೯೯೯ರ ಫೆಬ್ರವರಿಯಲ್ಲಿ ಒಂದು ಜೋಡಿ ಬಂದು ಬೆಂಚಿನ ಮೇಲೆ ಕೂತಿತು. ಅವರು ವಿಶ್ವನಾಥ್, ವಯಸ್ಸು ಐವತ್ತರ ಹತ್ತಿರ, ಮನೆಗಳಿಗೆ ವೈರಿಂಗ್ ಮಾಡುವ ಕೆಲಸ, ಮಾತು ಕಡಿಮೆ. ಆಕೆ ಪ್ರೇಮಮ್ಮ, ಬೋಗಾದಿಯಲ್ಲಿ ಹೊಲಿಗೆ ಅಂಗಡಿ, ಕುತ್ತಿಗೆಯಲ್ಲಿ ತಾಳಿಯ ಬದಲು ಅಳತೆ ಟೇಪು. ಅಂಗಡಿಯಿಂದ ಹಾಗೇ ಎದ್ದು ಬಂದಿದ್ದರು.

"ಏನು ಬರೀಬೇಕು?" ಎಂದೆ.

"ನಾವಿಬ್ರೂ ಒಟ್ಟಿಗಿದೀವಿ ಅಂತ ಬರ್ಕೊಡಿ," ಎಂದರು ಪ್ರೇಮಮ್ಮ.

"ಮದುವೆ ಸರ್ಟಿಫಿಕೇಟಾ? ಅದಕ್ಕೆ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕಮ್ಮ, ನನ್ನ ಹತ್ರ ಅಲ್ಲ."

"ಮದ್ವೆ ಆಗಿಲ್ಲ ಕಣ್ರೀ. ಆಗೋದೂ ಇಲ್ಲ. ಒಂದ್ಸಲ ಆಗಿತ್ತು, ಬುಡಿಸ್ಕೊಳೋಕೆ ಒಂಬತ್ತು ವರ್ಷ ಇದೇ ಕೋರ್ಟಿಗೆ ಅಲೆದೆ. ಇನ್ನು ಸಾಕು."

ಪಕ್ಕದ ಮೇಜಿನ ಮಹದೇವಯ್ಯ ಟೈಪು ನಿಲ್ಲಿಸಿ ಕಿವಿ ಇತ್ತ ಕೊಟ್ಟರು. ನಾನು ಕಣ್ಣು ಕೆಕ್ಕರಿಸಿದ ಮೇಲೆ ಮತ್ತೆ ಕುಟ್ಟತೊಡಗಿದರು.

ಆರು ವರ್ಷದಿಂದ ಇಬ್ಬರೂ ವಿಶ್ವನಾಥ್ ಅವರ ಬೋಗಾದಿ ಮನೆಯಲ್ಲಿದ್ದರು. ತೊಂದರೆ ಶುರುವಾದದ್ದು ವಿಶ್ವನಾಥ್ ಅವರಿಗೆ ಹರ್ನಿಯಾ ಆಪರೇಷನ್ ಆಗಬೇಕಾದಾಗ. ಆಸ್ಪತ್ರೆಯ ಫಾರಂನಲ್ಲಿ ಸಂಬಂಧ ಏನೆಂದು ಕೇಳಿದರೆ ಪ್ರೇಮಮ್ಮ 'ಜೊತೆಗಿರುವವಳು' ಎಂದು ನೆಟ್ಟಗೆ ಬರೆದರಂತೆ. ಅದು ನಡೆಯುವುದಿಲ್ಲ ಎಂದು ಆಸ್ಪತ್ರೆಯವರು ಇಲವಾಲದಿಂದ ವಿಶ್ವನಾಥ್ ಅವರ ಅಣ್ಣನ ಮಗ ಮಹದೇವಪ್ರಸಾದನನ್ನು ಕರೆಸಿದರು. ಅವನು ಸಹಿ ಮಾಡಿ, ಹೋಗುವಾಗ ಮನೆಯನ್ನು ಒಂದು ಸುತ್ತು ನೋಡಿ, "ಚಿಕ್ಕಪ್ಪನಿಗೆ ಏನಾದ್ರೂ ಆದ್ರೆ ನೀವು ಎಲ್ಲಿಗೆ ಹೋಗ್ತೀರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದನಂತೆ.

"ಅವತ್ತಿಂದ ನಿದ್ದೆ ಇಲ್ಲ," ಎಂದರು ಪ್ರೇಮಮ್ಮ. "ನನ್ನನ್ನ ಆ ಮನೆಯಿಂದ ಯಾರೂ ಎಬ್ಬಿಸ್ಬಾರ್ದು. ಅಷ್ಟು ಬರ್ದುಬುಡಿ."

ನನಗೆ ಅವರು ಹಿಡಿಸಿದರು. ಆದರೆ ಇಂಥ ಪತ್ರಕ್ಕೆ ನನ್ನ ಹತ್ತಿರ ನಮೂನೆ ಇರಲಿಲ್ಲ. ವಕೀಲರೊಬ್ಬರನ್ನು ಕೇಳಿದರೆ, "ಇದೆಲ್ಲ ಕೋರ್ಟಿನಲ್ಲಿ ನಿಲ್ಲುತ್ತೋ ಇಲ್ವೋ," ಎಂದು ಟೀ ಕುಡಿದು ಹೋದರು. ಕೊನೆಗೆ ನಾನೇ ಶುರುಮಾಡಿದೆ. ಒಬ್ಬರ ಕಾಯಿಲೆಗೆ ಇನ್ನೊಬ್ಬರು ಸಹಿ ಮಾಡಬಹುದು. ಹೊಲಿಗೆ ಯಂತ್ರಗಳು ಆಕೆಯವು, ವೈರಿಂಗ್ ಸಾಮಾನು ಅವರದು, ಫ್ರಿಜ್ ಇಬ್ಬರದು. ಮನೆಯಲ್ಲಿ ಇಬ್ಬರಿಗೂ ವಾಸದ ಹಕ್ಕಿದೆ. ರೇಡಿಯೋ ಯಾರದು ಎಂದು ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. "ರೇಡಿಯೋ ಬಿಟ್ಟು ಮಿಕ್ಕದ್ದು," ಎಂದು ಬರೆದು ಮುಗಿಸಿದೆ. ನೋಟರಿಯ ಕೆಂಪು ಮುದ್ರೆ ಬಿತ್ತು. ಪ್ರೇಮಮ್ಮ ಓದದೆಯೇ ಕಣ್ಣಿಗೊತ್ತಿಕೊಂಡು ಹೋದರು.

೨೦೦೦ದ ಜನವರಿಯಲ್ಲಿ ಒಂದು ಬೆಳಿಗ್ಗೆ ಆಟೋದಿಂದ ಒಂದು ಟ್ರಂಕು, ಎರಡು ಹೊಲಿಗೆ ಯಂತ್ರ ಮತ್ತು ಪ್ರೇಮಮ್ಮ ಇಳಿದರು. ಕೈಗೆಲ್ಲ ಹಳದಿ ಬಣ್ಣ ಮೆತ್ತಿತ್ತು. ನನ್ನ ಮೇಜಿನ ಮೇಲೆ ಕರಾರು ಇಟ್ಟು, ಅದರ ಮೇಲೆ ಬೀಗದ ಕೈ ಇಟ್ಟರು.

"ಮೂರನೇ ಪುಟ ಓದಿ," ಎಂದರು.

ಓದಿದೆ. 'ಈ ಕರಾರು ಹನ್ನೊಂದು ತಿಂಗಳವರೆಗೆ ಮಾತ್ರ ಜಾರಿಯಲ್ಲಿರತಕ್ಕದ್ದು. ಉಭಯ ಪಾರ್ಟಿಗಳು ಒಪ್ಪಿ ನವೀಕರಿಸದಿದ್ದಲ್ಲಿ ಎರಡನೇ ಪಾರ್ಟಿಯವರು ಸದರಿ ಮನೆಗೆ ಸುಣ್ಣಬಣ್ಣ ಮಾಡಿಸಿ, ಖಾಲಿ ಮಾಡಿ, ಬೀಗದ ಕೈ ಒಪ್ಪಿಸತಕ್ಕದ್ದು.'

ಇನ್ನೊಮ್ಮೆ ಓದಿದೆ. ಬಾಡಿಗೆ ಕರಾರಿನ ಕೊನೆಯ ಸಾಲುಗಳು! ದಿನಕ್ಕೆ ಹತ್ತು ಸಲ ಟೈಪು ಮಾಡಿ ಮಾಡಿ, ತಲೆ ಎಲ್ಲೋ ಇದ್ದರೂ ಬೆರಳು ತಾವೇ ಹೊಡೆದುಬಿಟ್ಟಿದ್ದವು. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಬಂದ ಮಹದೇವಪ್ರಸಾದ ಕಾಗದ ಓದಿ, "ಅವಧಿ ಮುಗಿದೈತಲ್ಲಾ," ಎಂದು ನಕ್ಕನಂತೆ. ಈಕೆ ನಗಲಿಲ್ಲ. ಸಹಿ ಮಾಡಿದ್ದೇನೆ ಎಂದು ಎರಡು ದಿನ ತಾವೇ ನಿಂತು ಮನೆಗೆಲ್ಲ ಬಣ್ಣ ಹೊಡೆದು, ಗಂಟು ಕಟ್ಟಿದ್ದರು.

"ಅಯ್ಯೋ, ಇದು ನನ್ನ ತಪ್ಪು ಪ್ರೇಮಮ್ಮ! ಈಗಲೇ ತಿದ್ದಿಕೊಡ್ತೀನಿ, ಬದುಕಿರೋವರೆಗೂ ಅಂತ ಹಾಕ್ತೀನಿ." ಯಾರಿಗೂ ಕ್ಷಮೆ ಕೇಳದ ನಾಲಿಗೆ ನನ್ನದು. ಅವತ್ತು ನಾಲ್ಕು ಸಲ ಕೇಳಿತು.

"ನಿಮ್ಮ ತಪ್ಪು ಇರ್ಲಿ ಬುಡಿ. ಇವರೇನು ಮಾಡಿದ್ರು ಗೊತ್ತಾ? ನಾನು ಗಂಟು ಕಟ್ತಾ ಇದ್ರೆ ಪೇಪರ್ ಓದ್ತಾ ಕೂತಿದ್ರು. ಇರು ಅಂತ ಒಂದು ಮಾತು ಬರ್ಲಿಲ್ಲ."

ಅವರ ಕಣ್ಣು ತುಂಬಿತ್ತು. ಆಗ ನನಗೆ ತಿಳಿಯಿತು, ಆಕೆ ಕಾಗದಕ್ಕೆ ಹೆದರಿ ಬಂದವರಲ್ಲ. ತಾನು ಹೋದರೆ ಆ ಮನುಷ್ಯ ತಡೆಯುತ್ತಾನೋ ಇಲ್ಲವೋ, ಅದು ಗೊತ್ತಾಗಬೇಕಿತ್ತು.

ಅಷ್ಟರಲ್ಲಿ ವಿಶ್ವನಾಥ್ ಲೂನಾ ತುಳಿದುಕೊಂಡೇ ಬಂದರು, ಪೆಟ್ರೋಲು ಮುಗಿದಿತ್ತು. ಏದುಸಿರು. "ತಮಾಷೆ ಅಂದ್ಕೊಂಡೆ," ಎಂದರು. "ಆಟೋ ಹೊರಟ ಮೇಲೆ ಗೊತ್ತಾಯ್ತು. ಮೇಡಮ್ಮೋರೆ, ಅದೆಷ್ಟು ವರ್ಷ ಹಾಕ್ಬೇಕೋ ಹಾಕ್ಬುಡಿ."

"ನನಗೆ ಯಾಕ್ರೀ ಹೇಳ್ತೀರಿ?" ಎಂದು ನಾನು ಗದರಿದೆ. "ಅವರನ್ನ ಕೇಳಿ!"

ಹೊಂಗೆಮರದ ಕೆಳಗಿನ ಟೈಪ್‌ರೈಟರುಗಳೆಲ್ಲ ಒಂದೊಂದಾಗಿ ನಿಂತವು. ವಿಶ್ವನಾಥ್ ಲೂನಾದ ಸ್ಟ್ಯಾಂಡು ಹಾಕಿ, ಅಂಗಿಯ ಗುಂಡಿ ಸರಿಮಾಡಿಕೊಂಡು, ನೆಲ ನೋಡುತ್ತಾ ಕೇಳಿದರು.

"ಪ್ರೇಮಾ, ಇನ್ನೂ ಹನ್ನೊಂದು ತಿಂಗಳು ನನ್ನ ಜೊತೆ ಇರ್ತೀಯಾ?"

ಪ್ರೇಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಟ್ರಂಕಿನ ಮೇಲೆ ಕೂತರು. "ಬಣ್ಣ ಚೆನ್ನಾಗಿ ಬಂದೈತೆ," ಎಂದರು. "ಬಿಟ್ಟು ಹೋಗೋಕೆ ಮನಸ್ಸಾಗಲ್ಲ. ಇರ್ತೀನಿ."

ಮಹದೇವಯ್ಯ ಚಪ್ಪಾಳೆ ಹೊಡೆದರು. ನಾನು ಹೊಸ ಹಾಳೆ ಸೇರಿಸಿ, 'ಬದುಕಿರುವವರೆಗೆ' ಎಂದು ಟೈಪು ಮಾಡಹೊರಟೆ. ಪ್ರೇಮಮ್ಮ ನನ್ನ ಕೈ ಹಿಡಿದರು.

"ಬೇಡಿ. ಹನ್ನೊಂದೇ ಇರ್ಲಿ. ಮದ್ವೇಲಿ ಒಂದ್ಸಲ ಕೇಳಿದ್ರು, ಅದೂ ನನ್ನಲ್ಲ, ನಮ್ಮಪ್ಪನ್ನ. ಇವರು ಹನ್ನೊಂದು ತಿಂಗಳಿಗೊಂದ್ಸಲ ಇಲ್ಲಿಗೆ ಬಂದು ನನ್ನನ್ನೇ ಕೇಳ್ಲಿ."

ನನ್ನ ಮದುವೆಯಾಗಿ ಇಪ್ಪತ್ತಾರು ವರ್ಷ. ಯಾರಾದರೂ ನನ್ನನ್ನು ಕೇಳಿದ್ದರೇ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಬೇಡವೆಂದು ಬಿಟ್ಟೆ.

ಮನೆಯ ವಿಷಯದಲ್ಲಿ ಮಾತ್ರ ನಾನು ಆಕೆಯ ಹಟ ಕೇಳಲಿಲ್ಲ. ಕರಾರು ಎಷ್ಟು ತಿಂಗಳದಾದರೂ ಇರಲಿ, ವಿಶ್ವನಾಥ್ ಕಾಲದ ನಂತರ ಪ್ರೇಮಮ್ಮ ಬದುಕಿರುವಷ್ಟು ದಿನ ಆ ಮನೆ ಅವರದೇ ಎಂದು ಉಯಿಲು ಬರೆದು, ವಿಶ್ವನಾಥ್ ಅವರ ಸಹಿ ಹಾಕಿಸಿ, ಅದೇ ವಾರ ರಿಜಿಸ್ಟರ್ ಮಾಡಿಸಿದೆ. ಒಂದೊಂದು ಸಾಲನ್ನೂ ಮೂರು ಸಲ ಓದಿದೆ. ಮಹದೇವಪ್ರಸಾದನಿಗೂ ಒಂದು ಪ್ರತಿ ಕಳಿಸಿದೆ, ಓದುವ ಹುಡುಗ, ಓದಿಕೊಳ್ಳಲಿ ಎಂದು. ಆಮೇಲೆ ಅವನು ಮನೆಯ ಮಾತೆತ್ತಲಿಲ್ಲ.

ಅಲ್ಲಿಂದ ಹನ್ನೊಂದು ತಿಂಗಳಿಗೊಮ್ಮೆ ಇಬ್ಬರೂ ಬರುತ್ತಿದ್ದರು. ವಿಶ್ವನಾಥ್ ಕೇಳುತ್ತಿದ್ದರು, ಪ್ರೇಮಮ್ಮ ಸತಾಯಿಸುತ್ತಿದ್ದರು. ಒಂದು ವರ್ಷ "ಯೋಚನೆ ಮಾಡ್ತೀನಿ" ಎಂದು ಎದ್ದು ಹೋಗಿ, ಕಬ್ಬಿನ ಹಾಲು ಕುಡಿದು ಬಂದು ಒಪ್ಪಿದರು. ಅಷ್ಟು ಹೊತ್ತೂ ಆ ಮನುಷ್ಯ ಬೆವರುತ್ತಾ ನಿಂತಿದ್ದರು.

೨೦೦೭ರ ಮೇ ತಿಂಗಳಲ್ಲಿ ಒಂಬತ್ತನೇ ನವೀಕರಣ. ನನ್ನ ಮೇಜಿಗೆ ಕಂಪ್ಯೂಟರ್ ಬಂದಿತ್ತು. "ಪ್ರೇಮಮ್ಮ, ಈಗ ಹೊಸ ಕಾನೂನು ಬಂದಿದೆ," ಎಂದೆ. "ಮದುವೆ ಆಗದೆ ಮದುವೆಯವರ ಹಾಗೆ ಬಾಳೋ ಹೆಂಗಸಿಗೂ ರಕ್ಷಣೆ ಇದೆ. ಹಿಂಸೆ ಕೊಟ್ರೆ ದೂರು ಕೊಡಬಹುದು, ಮನೆಯಿಂದ ಹೊರಗೆ ಹಾಕೋ ಹಾಗಿಲ್ಲ. ಈ ಬಿಸಿಲಲ್ಲಿ ಪ್ರತಿ ಸಲ ಬರಬೇಕಾಗಿಲ್ಲ."

"ಒಳ್ಳೇದಾಯ್ತು," ಎಂದರು ಪ್ರೇಮಮ್ಮ. "ಆ ಮದ್ವೆ ಕಾಲಕ್ಕೆ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು. ಆದ್ರೂ ನೀವು ಪತ್ರ ತೆಗೀರಿ."

ವಿಶ್ವನಾಥ್ ಎಂದಿನಂತೆ ಗುಂಡಿ ಸರಿಮಾಡಿಕೊಂಡು ಬಾಯಿ ತೆರೆದರು. ಪ್ರೇಮಮ್ಮ ಕೈ ಎತ್ತಿ ತಡೆದರು.

"ತಡೀರಿ. ಎಷ್ಟು ವರ್ಷದಿಂದ ನೀವೇ ಕೇಳ್ತಾ ಇದೀರಿ. ನಿಮ್ಮನ್ನ ಯಾರೂ ಕೇಳೇ ಇಲ್ಲ. ಏನ್ರೀ, ಇನ್ನೂ ಹನ್ನೊಂದು ತಿಂಗಳು ನನ್ನ ಜೊತೆ ಇರ್ತೀರಾ?"

ವಿಶ್ವನಾಥ್ ತಟ್ಟನೆ ಮೇಜಿನ ಹತ್ತಿರ ಬಂದರು. ತಲೆಯಾಡಿಸಿ, ನನ್ನ ಕೈಯಿಂದಲೇ ಪೆನ್ನು ಕಿತ್ತುಕೊಂಡು, ಆತುರದಲ್ಲಿ ಸಾಕ್ಷಿಗಳು ಸಹಿ ಮಾಡುವ ಜಾಗದಲ್ಲಿ ದೊಡ್ಡದಾಗಿ ಸಹಿ ಮಾಡಿಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಆ ಮರದ ಎಲೆ ಉದುರುವ ಹಾಗೆ ಬಯ್ಯುತ್ತಿದ್ದೆ. ಕನ್ನಡಕ ಒರೆಸಿಕೊಂಡು, ಇನ್ನೊಂದು ಪ್ರತಿ ತೆಗೆದೆ.