ಅರ್ಧ ಲೀಟರಿನ ಮನುಷ್ಯ

ನಮ್ಮವರು ಬೈಕ್ ಮೆಕ್ಯಾನಿಕ್. ತಮಗಾಗಿ ಓಡಿಸಿದ್ದಕ್ಕಿಂತ ಪರರ ಬೈಕುಗಳನ್ನು ತಳ್ಳಿಕೊಂಡು ಬಂದದ್ದೇ ಹೆಚ್ಚು. ಮೂವತ್ತು ವರ್ಷ ತಳ್ಳಿ ತಳ್ಳಿ ಮೈ ಬಲಕ್ಕೆ ವಾಲಿತ್ತು. ಬರಿಗೈಯಲ್ಲಿ ನಡೆದರೂ ಪಕ್ಕದಲ್ಲಿ ಕಣ್ಣಿಗೆ ಕಾಣದ ಗಾಡಿಯೊಂದು ಇದ್ದ ಹಾಗೆ ಇರುತ್ತಿತ್ತು.

ಆ ದಿನವೂ ಎಂದಿನಂತೆ ಹೊರಟರು. ನಾನು ಅಂಗಡಿಯ ಹಿಂದಿನ ನಮ್ಮ ಕೋಣೆಯ ಮುಂದೆ ಬಟ್ಟೆ ಹಿಂಡುತ್ತಿದ್ದೆ. ತಲೆ ಎತ್ತಿ ನೆಟ್ಟಗೆ ನೋಡಲೂ ಇಲ್ಲ.

ಗಾಡಿ ಔಷಧಿ ಅಂಗಡಿಯವನದು. ಅವನಿಗೆ ಸ್ಪೀಡ್ ಬೇಕಿತ್ತು. "ಮೈಲೇಜ್ ಮಾತ್ರ ಇಳೀಬಾರ್ದು ಅಣ್ಣ" ಎಂದಿದ್ದ.

"ಹೊಟ್ಟೆ ದೊಡ್ಡದು ಮಾಡು, ಊಟ ಅಷ್ಟೇ ಇರ್ಲಿ ಅಂದ್ರೆ ಹೇಗಪ್ಪಾ?" ಎಂದರು ಇವರು.

ನಾನು ಓದಿದ್ದು ನಾಲ್ಕನೆಯ ತರಗತಿ. ಆದರೂ ಕೇಳಿ ಕೇಳಿ ಇಷ್ಟು ಗೊತ್ತಾಗಿದೆ. ಸೈಲೆನ್ಸರ್ ಬಿಡಿಸಿ, ಫಿಲ್ಟರ್ ಸಡಿಲ ಮಾಡಿದರೆ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಕೊಡಬೇಕು, ಇಲ್ಲದಿದ್ದರೆ ಕಾದು ಕೆಡುತ್ತದೆ. ಅದಕ್ಕೆ ಕಾರ್ಬ್ಯುರೇಟರಿನ ಒಳಗೆ ಪೆಟ್ರೋಲ್ ಬರುವ ಸೂಜಿತೂತನ್ನು ದೊಡ್ಡದು ಮಾಡುತ್ತಾರೆ. ಹಿಂದಿನ ಚಕ್ರಕ್ಕೆ, ಚೈನ್ ಸುತ್ತುವ ಕಡೆ, ಹೆಚ್ಚು ಹಲ್ಲಿನ ಗಾಲಿ ಹಾಕಿದರೆ ಗಾಡಿ ಚಂಗನೆ ಹಾರುತ್ತದೆ, ಆದರೆ ಅಷ್ಟೇ ದೂರಕ್ಕೆ ಎಂಜಿನ್ ಇನ್ನಷ್ಟು ಸಲ ತಿರುಗಬೇಕು. ಇಷ್ಟೆಲ್ಲ ಆದಮೇಲೆ ಸದ್ದು ಚೆನ್ನಾಗಿದೆಯೆಂದು ಸವಾರ ಸುಮ್ಮನೆ ಎಕ್ಸಿಲರೇಟರ್ ತಿರುವುತ್ತಾನೆ. "ಅರ್ಧ ಪೆಟ್ರೋಲ್ ಕುಡಿಯೋದು ಅವನ ಕೈಯೇ" ಎನ್ನುತ್ತಿದ್ದರು.

ಅವರದೊಂದು ಹಟವಿತ್ತು. ಕೆಲಸಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಗಾಡಿಯನ್ನು ಅಳೆಯಲೇಬೇಕು. ತಮ್ಮದೇ ಅರ್ಧ ಲೀಟರ್ ಪೆಟ್ರೋಲನ್ನು ಬಾಟಲಿಗೆ ಹಾಕಿ ಹ್ಯಾಂಡಲ್ಲಿಗೆ ತೂಗುಹಾಕುವುದು, ಸಣ್ಣ ಪೈಪಿನಲ್ಲಿ ಎಂಜಿನ್ನಿಗೆ ಬಿಡುವುದು, ಟ್ಯಾಂಕಿನ ನಲ್ಲಿ ಮುಚ್ಚುವುದು. ಅಂಗಡಿಯಿಂದ ಎರಡು ಕಿಲೋಮೀಟರ್ ದೂರದ ನೀರಿನ ಟ್ಯಾಂಕಿನವರೆಗೆ ಒಂದೇ ವೇಗದಲ್ಲಿ ಹೋಗುವುದು, ಬರುವುದು, ಗಾಡಿ ತಾನಾಗಿ ನಿಲ್ಲುವವರೆಗೆ. ನಿಂತ ತಕ್ಷಣ ಎಷ್ಟು ದೂರವಾಯಿತೆಂದು ಸೀಮೆಸುಣ್ಣದಲ್ಲಿ ಗಾಡಿಯ ಮೇಲೇ ಬರೆದು, ತಳ್ಳಿಕೊಂಡು ವಾಪಸ್ಸು. ಅಂಗಡಿ ಬಾಗಿಲ ಒಳಮೈಯಲ್ಲಿ ಎರಡು ಅಂಕಿ: ಮೊದಲು, ಆಮೇಲೆ. ಗಾಡಿಯವನು ಅದನ್ನು ಬಾಯಿಬಿಟ್ಟು ಓದುವವರೆಗೆ ಇವರು ಬೀಗದ ಕೈ ಕೊಡುತ್ತಿರಲಿಲ್ಲ.

ಆಚೆ ಬೀದಿಯ ಮೆಕ್ಯಾನಿಕ್ ಮೈಲೇಜ್ ಇಳಿಯದಂತೆ ಸ್ಪೀಡ್ ಮಾಡಿಕೊಡುತ್ತಾನಂತೆ ಎಂದು ಯಾರೋ ಹಂಗಿಸಿದರು. "ಹೌದು, ಅವನ ಹತ್ರ ಇಳಿಯಲ್ಲ. ಅವನು ಅಳೆಯೋದೇ ಇಲ್ವಲ್ಲ!" ಎಂದು ಇವರು ನಕ್ಕರು.

ಆ ಬೆಳಿಗ್ಗೆ ಎದೆ ಉರಿಯುತ್ತಿದೆ ಎಂದು ಎರಡು ಲೋಟ ನೀರು ಕುಡಿದಿದ್ದರು.

"ಇವತ್ತೊಂದಿನ ಬಾಟಲಿ ಬೇಡ ಕಣ್ರೀ."

"ಸಂಜೆ ಅವನು ಬರ್ತಾನೆ. ಬಾಗಿಲ ಮೇಲೆ ಒಂದೇ ಅಂಕಿ ಇದೆ."

"ಹೋಗ್ಲಿ, ನಿಂತ ಮೇಲೆ ಟ್ಯಾಂಕ್ ನಲ್ಲಿ ತಿರುಗಿಸಿ ಓಡಿಸಿಕೊಂಡು ಬನ್ನಿ."

"ಅದು ಅವನ ಪೆಟ್ರೋಲ್ ಕಣೇ. ನಾನು ಮನೆಗೆ ಬರೋಕೆ ಅವನದ್ಯಾಕೆ? ನೋಡೋಣ ಬಿಡು."

ನೋಡೋಣ ಎಂದರೆ ಇಲ್ಲ ಎಂದರ್ಥ.

ಮಧ್ಯಾಹ್ನದ ಹೊತ್ತಿಗೆ ಯಾರೋ ಓಡಿಬಂದು ನೀರಿನ ಟ್ಯಾಂಕಿನ ರಸ್ತೆಯ ನಡುವಿಗೆ ಕರೆದರು. ನಾನು ಹೋಗಿ ಮುಟ್ಟುವಾಗ ಮೈ ಇನ್ನೂ ಬೆಚ್ಚಗಿತ್ತು. ಜೀವ ಇರಲಿಲ್ಲ.

ಸಂಜೆಗೆಲ್ಲ ಬೀದಿ ತೀರ್ಮಾನ ಮಾಡಿಬಿಟ್ಟಿತ್ತು: ಸ್ಪೀಡಾಗಿ ಹೋದ, ಸತ್ತ. ಅವರ ಅಣ್ಣನೇ, ನನ್ನ ಭಾವನೇ, ಅಂಗಡಿಯ ಬೆಂಚಿನ ಮೇಲೆ ಕೂತು, "ಮಾಡಿದ್ದನ್ನೇ ಉಂಡ" ಎಂದರು. ಮೂವತ್ತು ವರ್ಷ ಅಳೆದು ಅಳೆದು ಬದುಕಿದವರಿಗೆ ಕೊನೆಗೆ ಸಿಕ್ಕ ಹೆಸರು ಇದು. ಔಷಧಿ ಅಂಗಡಿಯವನು ಹೊಸ್ತಿಲ ಹೊರಗೇ ಕುಸಿದು ಕೂತಿದ್ದ.

"ಅತ್ತಿಗೆ, ಸ್ಪೀಡ್ ಬೇಕು ಅಂದೋನು ನಾನು. ನಾನೇ ಕೊಂದೆ."

ನಾನು ಅವನ ರಟ್ಟೆ ಹಿಡಿದು ಎಬ್ಬಿಸಿ, ಯಾರೋ ತಳ್ಳಿ ತಂದು ನಿಲ್ಲಿಸಿದ್ದ ಗಾಡಿಯ ಹತ್ತಿರ ಕರೆದುಕೊಂಡು ಹೋದೆ. ಭಾವನಿಗೂ ಕೇಳುವ ಹಾಗೆ ಹೇಳಿದೆ.

"ಬಾಟಲಿ ನೋಡು, ಒಂದು ಹನಿ ಇಲ್ಲ. ನಲ್ಲಿ ನೋಡು, ಮುಚ್ಚಿದೆ. ನಾನು ಹೋದಾಗ ಗಾಡಿ ಸ್ಟ್ಯಾಂಡ್ ಮೇಲಿತ್ತು, ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿತ್ತು, ಇವ್ರು ಗೋಡೆಗೆ ಒರಗಿ ಕೂತಿದ್ರು. ಸ್ಪೀಡಲ್ಲಿ ಸತ್ತೋರು ಸ್ಟ್ಯಾಂಡ್ ಹಾಕ್ತಾರೇನೋ?"

ಗಾಡಿಯ ಟ್ಯಾಂಕಿನ ಮೇಲೆ ಅವರ ಕೈಬರಹ ಇತ್ತು. ಹದಿನೆಂಟು. ಅದನ್ನು ಬಾಗಿಲ ಮೇಲಿನ ಇಪ್ಪತ್ತಮೂರರ ಕೆಳಗೆ ನಾನೇ ಬರೆದೆ. "ಓದು" ಎಂದೆ. ಅಳುತ್ತಲೇ ಓದಿದ. ಬೀಗದ ಕೈ ಕೊಟ್ಟೆ. ಭಾವ ಕೆಮ್ಮಿ ಹೊರಗೆ ಹೋದರು. ಆ ಮಾತನ್ನು ಮತ್ತೆ ಆಡಲಿಲ್ಲ.

ಸ್ಪೀಡ್ ಕೊಲ್ಲಲಿಲ್ಲ. ಆ ಬಿಸಿಲಲ್ಲಿ ತಳ್ಳುವ ಹಟ ಕೊಂದಿರಬಹುದು. ಅದನ್ನು ಮಾತ್ರ ನಾನು ಅವರಿಬ್ಬರಿಗೂ ಹೇಳಲಿಲ್ಲ.

ಇಂಥ ಮನುಷ್ಯರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಕೇಳಿದ್ದನ್ನು ಕೊಡುತ್ತಾರೆ, ಆದರೆ ಕೊಟ್ಟದ್ದರಿಂದ ಏನು ಹೋಯಿತೆಂದು ತೋರಿಸದೆ ಬಿಡುವುದಿಲ್ಲ. ಅವರ ಜೊತೆ ಬಾಳುವುದು ಕಷ್ಟ. ತಮ್ಮ ಎದೆ ಉರಿಯನ್ನು ಮಾತ್ರ ಅವರು ಅಳೆದುಕೊಳ್ಳುವುದಿಲ್ಲ.

ಅವರ ಸ್ವಂತದ ಹಳೆಯ ಗಾಡಿಯೊಂದು ಉಳಿದಿದೆ. ದಿನಾ ಬೆಳಿಗ್ಗೆ ಅದನ್ನು ಅಂಗಳಕ್ಕೆ ತಂದು ಕಿಕ್ ಹೊಡೆಯುತ್ತೇನೆ. ಕೆಲವು ದಿನ ಮೂರಕ್ಕೆ ಹತ್ತುತ್ತದೆ, ಕೆಲವು ದಿನ ಹತ್ತಾದರೂ ಇಲ್ಲ. ಹತ್ತಿದ ಮೇಲೆ, ಅವರು ಕಲಿಸಿದ ಹಾಗೆ, ಒಳಗೆ ಪೆಟ್ರೋಲ್ ನಿಂತು ಅಂಟಾಗದಿರಲಿ ಎಂದು ನಲ್ಲಿ ಮುಚ್ಚುತ್ತೇನೆ. ಉಳಿದದ್ದು ಉರಿದು, ಗಾಡಿ ತಾನಾಗಿ ನಿಲ್ಲುವವರೆಗೆ ಪಕ್ಕದಲ್ಲೇ ನಿಂತಿರುತ್ತೇನೆ. ಆಮೇಲೆ ಒಳಗೆ ತಳ್ಳುತ್ತೇನೆ.