ಹಡಗಿನ ಹೆಸರಿಗೆ ಸಾಕ್ಷಿ

ಅಜ್ಜಿಯ ಕೈಯಿಂದ ಇಂದು ಉಡುಗೊರೆ ತೆಗೆದುಕೊಳ್ಳುವುದಿಲ್ಲ ಎಂದು ಕೆಂಡಲ್ ಬೆಳಗ್ಗೆಯೇ ತೀರ್ಮಾನಿಸಿದ್ದ.

ಕೆನಡಾದ ಪಶ್ಚಿಮ ಕಡಲಿನ ಮೂಲನಿವಾಸಿಗಳಾದ ಹೈಡಾ ಜನರಲ್ಲಿ ಹೆಸರು ಸುಮ್ಮನೆ ಅಂಟುವುದಿಲ್ಲ. ಒಂದು ಬಣದವರು ಊಟ ಹಾಕಿ ಹೆಸರು ಕೊಡಬೇಕು, ಇನ್ನೊಂದು ಬಣದವರು ಕೂತು ನೋಡಬೇಕು. ನೋಡಿದ್ದಕ್ಕೆ ಉಡುಗೊರೆ ಉಂಟು. ಅದನ್ನು ಪಡೆದವನು ಸಾಯುವತನಕ ಸಾಕ್ಷಿ, ಆ ಹೆಸರಿನ ಕಥೆ ಹೇಳುವ ಹಕ್ಕು ಅವನದು. ಒಬ್ಬನೇ ಒಬ್ಬ ಬೇಡವೆಂದರೂ ಹೆಸರಿಗೆ ಬಿರುಕು ಬಿಟ್ಟ ಹಾಗೆ, ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ.

ಇಂದು ಹೈಡಾ ಎಂಬ ಹೆಸರು ಬೇಕಾಗಿದ್ದುದು ಹೊಸ ಯುದ್ಧನೌಕೆಗೆ. ಕೊಡುವವಳು ಕಾಗೆ ಬಣದ ಹಿರಿಯಳು ಲವಿನಾ, ಕೆಂಡಲನ ಅಪ್ಪನ ತಾಯಿ. ಕೆಂಡಲ್ ತಾಯಿಯ ಕಡೆಯಿಂದ ಹದ್ದಿನ ಬಣದವನು. ಸಾಕ್ಷಿಗಳ ಸಾಲಿನಲ್ಲೇ ಅವನ ಕುರ್ಚಿ.

"ನಾನೈ, ನಮ್ಮನ್ನ ಮಾರ್ತಿದೀಯಾ?" ಎಂದು ಬೆಳಗ್ಗೆ ಅಜ್ಜಿಯ ಅಡುಗೆಮನೆಯಲ್ಲಿ ಕೇಳಿದ್ದ. ನಾನೈ ಎಂದರೆ ಹೈಡಾ ಮಾತಿನಲ್ಲಿ ಅಜ್ಜಿ.

"ಮೊದ್ಲು ಆ ಮೀನು ಮಗುಚು, ಸೀದು ಹೋಗ್ತದೆ."

"ಎಂಬತ್ತು ವರ್ಷದ ಹಿಂದೆ ಹಳೇ ಹಡಗಿಗೆ ನಮ್ಮ ಹೆಸರಿಟ್ಟಾಗ ಯಾರನ್ನ ಕೇಳಿದ್ರು? ತಾವೇ ಬರ್ಕೊಂಡ್ರು. ಸಿಖ್, ಜುಲು, ಮಾವೊರಿ, ಗೂರ್ಖಾ. ಬ್ರಿಟಿಷರು ಯಾರ್ಯಾರನ್ನ ಆಳ್ತಿದ್ರೋ ಅವರ ಹೆಸರನ್ನೇ ಹಡಗಿಗೆ ಕಟ್ಟಿ ಗುಂಡಿಗೆ ಎದುರು ಬಿಟ್ರು. ಆ ನಾಲ್ಕೂ ಮುಳುಗಿದ್ವು!"

"ನಮ್ಮ ಹೆಸರಿನ ಹಡಗು ಮುಳುಗ್ಲಿಲ್ಲ." ಲವಿನಾ ಒಲೆ ಸಣ್ಣ ಮಾಡಿದಳು. "ನಮ್ಮಣ್ಣ ಪೇಪರಿಂದ ಅದರ ಫೋಟೋ ಕತ್ತರಿಸಿ ಗೋಡೆಗೆ ಅಂಟಿಸಿದ್ದ. ಆಗ ನಮ್ಮ ಜನಕ್ಕೆ ಓಟು ಹಾಕೋ ಹಕ್ಕೂ ಇರ್ಲಿಲ್ಲ. ಆದ್ರೂ ಅಂಟಿಸಿದ್ದ. ಅವನೇನು ಬೆಪ್ಪನಾ, ಹೇಳು?"

ಕೆಂಡಲ್ ಸಿಟ್ಟಿನಿಂದ ಮೀನನ್ನು ಮಗುಚಿದ. ಒಂದು ಬದಿ ಆಗಲೇ ಸೀದಿತ್ತು.

ಮಧ್ಯಾಹ್ನ ಊರಿನ ಸಭಾಂಗಣ ತುಂಬಿತ್ತು. ಪಕ್ಕದಲ್ಲಿ ಕೂತ ವಿಲ್ಮಾ ದೊಡ್ಡಮ್ಮ ಮೊಣಕೈಯಿಂದ ತಿವಿದಳು. "ಏನೋ, ಮುಖ ಹ್ಯಾಲಿಬಟ್ ಮೀನಿನ ಥರ ಒಂದೇ ಕಡೆ ಸೊಟ್ಟಗಾಗಿದೆ?"

ನೌಕಾಪಡೆಯ ಅಧಿಕಾರಿ ಪೆಲ್ಟಿಯೆ ಬಿಳಿ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತ. ಶೌರ್ಯ, ಗೌರವ, ಪರಂಪರೆ ಎಂದೆಲ್ಲ ಕಾಗದ ನೋಡಿ ಓದಿದ. ಆಮೇಲೆ ಹಿತ್ತಾಳೆಯ ಫಲಕವೊಂದನ್ನು ತಂದು ಲವಿನಾಳ ಕೈಗಿಟ್ಟ.

"ಅಯ್ಯೋ, ಊಟ ಹಾಕಿದವಳಿಗೇ ಕೊಟ್ಟ!" ಎಂದಳು ವಿಲ್ಮಾ ಗಟ್ಟಿಯಾಗಿ. "ಸಾಕ್ಷಿಗಳು ನಾವೇನು ಗಾಳಿ ತಿನ್ನೋಕೆ ಬಂದಿದೀವಾ, ಸಾಹೇಬ್ರೇ?"

ಇಡೀ ಸಭೆ ನಕ್ಕಿತು. ಪೆಲ್ಟಿಯೆಯ ಕಿವಿಗಳು ಕೆಂಪಾದವು. ಕೆಂಡಲ್ ಮಾತ್ರ ನಗಲಿಲ್ಲ.

ಲವಿನಾ ಹೆಸರನ್ನು ನಾಲ್ಕು ಸಲ ಕೂಗಿ ಹೇಳಿದಳು. ನಂತರ ಬುಟ್ಟಿ ಹಿಡಿದು ಹದ್ದಿನ ಬಣದ ಸಾಲಿಗೆ ಬಂದಳು. ಒಬ್ಬೊಬ್ಬರಿಗೂ ಒಂದು ಟವೆಲ್, ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನಿನ ಒಂದು ಬಾಟಲಿ. ವಿಲ್ಮಾ ತೆಗೆದುಕೊಂಡಳು. ಕೆಂಡಲನ ಸರದಿ ಬಂತು.

ಅವನ ಕೈ ತೊಡೆಯ ಮೇಲಿಂದ ಏಳಲಿಲ್ಲ.

ಸಾಲಿನವರೆಲ್ಲ ಅವನತ್ತ ತಿರುಗಿದರು. ಲವಿನಾ ಬಾಟಲಿ ಚಾಚಿಯೇ ನಿಂತಿದ್ದಳು. ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ತಗೋ ಅಂತ ಬೇಡ್ಕೊಳಲ್ಲ," ಎಂದಳು ತಗ್ಗಿದ ದನಿಯಲ್ಲಿ.

"ತಗೊಂಡ್ರೆ ನಾನೇನು ನೆನಪಿಟ್ಕೋಬೇಕು? ಇವತ್ತು ಕೇಳಿದ್ರು ಅನ್ನೋದಷ್ಟೇನಾ?"

"ಅಂದು ಕೇಳ್ಲಿಲ್ಲ ಅನ್ನೋದನ್ನೂ. ಇದು ಬಾಯಿ ಮುಚ್ಚಿಸೋಕೆ ಕೊಡೋದಲ್ಲ ಮಗಾ, ತೆರೆಸೋಕೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಕೆಂಡಲ್ ಅವಳ ಕೈಯನ್ನೇ ನೋಡಿದ. ತಾನು ಬೇಡವೆಂದರೆ ನಾಳೆ ಮಾತಾಡುವ ಹಕ್ಕೇ ತನಗಿರುವುದಿಲ್ಲ. ಹಡಗು ಹೇಗೂ ನೀರಿಗಿಳಿಯುತ್ತದೆ. ಅದರ ಕಥೆಯನ್ನು ಆಗ ಕಾಗದ ನೋಡಿ ಓದುವವರೇ ಹೇಳುತ್ತಾರೆ. ಎರಡೂ ಕೈ ಚಾಚಿ ತೆಗೆದುಕೊಂಡ. ಸಿಟ್ಟು ಇಳಿದಿರಲಿಲ್ಲ, ಅದಕ್ಕೊಂದು ಕೆಲಸ ಸಿಕ್ಕಿತ್ತು.

ಬಾಟಲಿ ಹಿಡಿದೇ ಪೆಲ್ಟಿಯೆಯ ಎದುರು ಹೋಗಿ ನಿಂತ.

"ಹೆಸರು ಹೇಗೆ ಬಂತು ಅಂತ ನಿಮ್ಮ ಹಡಗಿನ ಹುಡುಗರು ಕೇಳಿದ್ರೆ ಏನಂತೀರಾ?"

"ನೀವು ಕೊಟ್ಟಿದ್ದು ಅಂತೀನಿ."

"ಅದು ಅರ್ಧ. ಮೊದಲ್ನೇ ಸಲ ಕೇಳದೆ ತಗೊಂಡಿದ್ದು. ಅದನ್ನೂ ಹೇಳ್ಬೇಕು. ನೀವು ಹೇಳದಿದ್ರೆ ನಾನು ಹಡಗಿಗೇ ಬಂದು ಹೇಳ್ತೀನಿ. ಸಾಕ್ಷಿ ನಾನು."

ಪೆಲ್ಟಿಯೆ ಕೈಯಲ್ಲಿದ್ದ ಕಾಗದವನ್ನು ನೋಡಿದ. ಅದರಲ್ಲಿ ಆ ಸಾಲು ಇರಲಿಲ್ಲ. ಜೇಬಿನಿಂದ ಪೆನ್ನು ತೆಗೆದ.

"ನಿಧಾನವಾಗಿ ಹೇಳಿ," ಎಂದ. "ಬರ್ಕೋತೀನಿ."

ಕೆಂಡಲ್ ಕುರ್ಚಿ ಎಳೆದು ಕೂತ. ಎಂಬತ್ತು ವರ್ಷದ ಹಿಂದಿನಿಂದ ಶುರುಮಾಡಿದ.